ಅಕ್ಕನ ಬಾಗಿಲು

ರೈಲು ಹಳಿಯ ಪಕ್ಕದ ಗೋಡೆಗೆ ಯಾರಾದರೂ ಕಿಂಡಿ ಕೊರೆದರೆ, ಅದನ್ನು ಮುಚ್ಚಲು ಗುತ್ತಿಗೆದಾರ ಪ್ರತಿ ಸಲವೂ ಕರೆಯುತ್ತಿದ್ದುದು ಒಬ್ಬನೇ ಮೇಸ್ತ್ರಿಯನ್ನು. ಆ ಕಿಂಡಿಯಲ್ಲಿ ದಿನಾ ನುಸುಳಿ ಆಚೆಗೆ ಹೋಗುವವರಲ್ಲಿ ಮೇಸ್ತ್ರಿಯ ಹೆಂಡತಿಯೂ ಒಬ್ಬಳು ಎನ್ನುವುದು ಗುತ್ತಿಗೆದಾರನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಮೇಸ್ತ್ರಿಯ ಮನೆ ಗೋಡೆಗೆ ಹತ್ತಿರ, ಕರೆದರೆ ಇಲ್ಲವೆನ್ನದೆ ಬರುತ್ತಾನೆ, ಕೆಲಸ ಕಣ್ಣಿಗೆ ಚೆಂದ. ರೈಲ್ವೆಯ ಸಾಹೇಬರು ಬಂದು ನೋಡಿ ತಲೆಯಾಡಿಸಿ ಹೋದರೆ ಗುತ್ತಿಗೆದಾರನಿಗೆ ಅಷ್ಟು ಸಾಕಿತ್ತು.

ಕಣ್ಣಿಗೇನೋ ಚೆಂದವೇ. ಸಂಗತಿ ಇದ್ದದ್ದು ಒಳಗೆ. ಕಿಂಡಿಯ ಅಂಚುಗಳಲ್ಲಿ ಮೇಸ್ತ್ರಿ ಇಟ್ಟಿಗೆಗಳನ್ನು ಗಾರೆ ಹಾಕಿ ಭದ್ರವಾಗಿಯೇ ಕೂರಿಸುತ್ತಿದ್ದ. ನಡುವೆ, ಒಬ್ಬ ಮನುಷ್ಯ ಬಗ್ಗಿ ದಾಟುವಷ್ಟು ಜಾಗದಲ್ಲಿ ಮಾತ್ರ, ಇಟ್ಟಿಗೆಗಳನ್ನು ಒಣದಾಗಿ ಒಂದರ ಮೇಲೊಂದು ಜೋಡಿಸಿ, ಎರಡೂ ಮುಖದ ಸಂದುಗಳಿಗೆ ಕರಣೆಯ ತುದಿಯಿಂದ ತೆಳ್ಳಗೆ ಗಾರೆ ಸವರಿಬಿಡುತ್ತಿದ್ದ. ದೂರದಿಂದ ನೋಡಿದರೆ ಗೋಡೆಯೆಲ್ಲ ಒಂದೇ. ಸಾಹೇಬರ ಜೀಪು ಮರೆಯಾದ ಮೇಲೆ ಯಾರಾದರೂ ಸರಿಯಾದ ಇಟ್ಟಿಗೆಯನ್ನು ಹಿಡಿದು ಅಲ್ಲಾಡಿಸಿದರೆ ಉಳಿದವು ತಾವಾಗಿಯೇ ಕೈಗೆ ಬರುತ್ತಿದ್ದವು. ಹಾಗೆ ತೆಗೆದಾಗ ಮೇಲಿನ ಗೋಡೆ ಕುಸಿದು ಯಾರ ತಲೆಯ ಮೇಲಾದರೂ ಬಿದ್ದೀತೆಂದು ಅವನು ಅಡ್ಡಕ್ಕೆ ಒಂದು ಕಲ್ಲುಚಪ್ಪಡಿಯನ್ನೂ ಇಟ್ಟಿದ್ದ. ಅಷ್ಟು ಜಾಗರೂಕ ಮನುಷ್ಯ!

ಇದೇನೂ ಗುಟ್ಟಾಗಿರಲಿಲ್ಲ. ಬಡಾವಣೆಯ ಜನ ಅವನಿಗೆ ಪ್ರೀತಿಯಿಂದ ಒಣಮೇಸ್ತ್ರಿ ಎಂದೇ ಹೆಸರಿಟ್ಟಿದ್ದರು. ಅವನು ಗೋಡೆ ಮುಚ್ಚುತ್ತಿರುವಾಗ ಹಾಲಿನವನು ಸೈಕಲ್ ನಿಲ್ಲಿಸಿ, "ಅಣ್ಣಾ, ಈ ಸಲ ಯಾವುದು?" ಎಂದು ಕೇಳುತ್ತಿದ್ದ. ಮೇಸ್ತ್ರಿ ಬಾಯಿ ಬಿಡದೆ ಒಂದು ಇಟ್ಟಿಗೆಯ ಮೇಲೆ ಕರಣೆಯ ಹಿಡಿಯಿಂದ ಟಕ್ ಅಂತ ಕುಟ್ಟುತ್ತಿದ್ದ.

"ಮುಚ್ಚು ಅಂದ್ರು, ಮುಚ್ಚಿದೆ. ತೆಗೆಯೋರು ನೀವು. ನನಗೂ ಅದಕ್ಕೂ ಏನಪ್ಪಾ ಸಂಬಂಧ?" ಎಂದು ಆಮೇಲೆ ಅವನೇ ನಗುತ್ತಿದ್ದ. ಇದಕ್ಕಾಗಿ ಯಾರಿಂದಲೂ ಒಂದು ಲೋಟ ಟೀಯನ್ನೂ ಅವನು ಕುಡಿದವನಲ್ಲ. ನೆರೆಹೊರೆಯವರ ದಾರಿ, ತನ್ನ ಮನೆಯವಳ ದಾರಿ, ಅಷ್ಟೇ.

ಹಳಿಯ ಈಚೆ ಬರೀ ಮನೆಗಳು. ಮಾರುಕಟ್ಟೆ, ಶಾಲೆ, ಆಸ್ಪತ್ರೆ, ಹೊಲಿಗೆಯ ಕಾರ್ಖಾನೆ ಎಲ್ಲ ಆಚೆ. ಮೇಲ್ಸೇತುವೆ ಇರಲಿಲ್ಲವೇ ಎಂದರೆ, ಇತ್ತು. ದೂರ ನಿಲ್ದಾಣದ ಹತ್ತಿರ, ಕಡಿದಾದ ಮೆಟ್ಟಿಲುಗಳನ್ನಿಟ್ಟುಕೊಂಡು, ಯಾರಿಗೂ ಬೇಡವಾಗಿ ನಿಂತಿತ್ತು. ಅದನ್ನು ಹತ್ತುವವರು ಊರಿಗೆ ಹೊಸಬರು, ಇಲ್ಲವೆಂದರೆ ಮನೆಯಲ್ಲಿ ಜಾಗ ಸಿಗದ ಪ್ರೇಮಿಗಳು ಎಂದು ಬಡಾವಣೆಯಲ್ಲಿ ತಮಾಷೆ ಮಾಡುತ್ತಿದ್ದರು. ಮೇಸ್ತ್ರಿಯಾಗಲಿ ಅವನ ಹೆಂಡತಿಯಾಗಲಿ ಜನ್ಮದಲ್ಲಿ ಅದನ್ನು ಹತ್ತಿದವರಲ್ಲ.

ಹೆಂಡತಿಗೆ ಕತ್ತರಿ ಅಕ್ಕ ಎಂದು ಹೆಸರು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವಳು ಬಟ್ಟೆ ಕತ್ತರಿಸುವವಳು. ಉದ್ದ ಮೇಜಿನ ಮೇಲೆ ಪದರ ಪದರವಾಗಿ ಹಾಸಿದ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬೆಳಗಿನಿಂದ ಸಂಜೆಯವರೆಗೆ ನಿಂತೇ ಕತ್ತರಿಸಬೇಕು. ಅವಳ ಗೆರೆ ಒಂದು ನೂಲು ಆಚೀಚೆ ಆದರೆ ನೂರಾರು ಮಕ್ಕಳ ತೋಳು ಗಿಡ್ಡವಾಗುತ್ತದೆ. ಹಾಗೆ ಆದದ್ದಿಲ್ಲ. ಕೈ ಎಷ್ಟು ಹರಿತವೋ ನಾಲಿಗೆ ಅದಕ್ಕಿಂತ ಒಂದು ಕೈ ಮೇಲು. ಮನೆಯಲ್ಲಿ ಅವಳಿಗೂ ಅತ್ತೆಗೂ, ಅಂದರೆ ಮೇಸ್ತ್ರಿಯ ತಾಯಿಗೂ, ದಿನಾ ಏನಾದರೊಂದು ನಡೆದೇ ಇರುತ್ತಿತ್ತು. ಒಬ್ಬರು ಊರಿಗೆ ಹೋದರೆ ಇನ್ನೊಬ್ಬರಿಗೆ ಊಟ ಸೇರುತ್ತಿರಲಿಲ್ಲ. ಗಂಡ ಹೆಂಡತಿಗಿದ್ದ ಒಬ್ಬಳೇ ಮಗಳು ಮದುವೆಯಾಗಿ ದೂರದಲ್ಲಿದ್ದಳು.

ಹಳಿಯ ಪಕ್ಕ ಬೆಳೆದವರಿಗೆ ರೈಲೆಂದರೆ ಮನೆ ಮುಂದೆ ಕಟ್ಟಿದ ಎಮ್ಮೆಯಷ್ಟು ಪರಿಚಯ. ಅದರ ಹೆದರಿಕೆ ಯಾರಿಗಿರುತ್ತದೆ? ದಾಟುವುದಕ್ಕೂ ಅವರದೇ ಒಂದು ಪದ್ಧತಿ ಇತ್ತು. ಅದಕ್ಕೆ ಬಾಲ ಹಿಡಿಯುವುದು ಎನ್ನುತ್ತಿದ್ದರು. ಕಿಂಡಿಯಿಂದ ಹೊರಬಂದು, ಬೆಳಗಿನ ಪ್ಯಾಸೆಂಜರ್ ಗಾಡಿ ಬರುವವರೆಗೆ ಸುಮ್ಮನೆ ನಿಲ್ಲಬೇಕು. ಗಾಡಿಯ ಕೊನೆಯ ಡಬ್ಬಿ ಕಣ್ಣೆದುರು ಹಾದ ಕೂಡಲೇ ಅದರ ಬೆನ್ನ ಹಿಂದೆ ಸರಸರ ದಾಟಿಬಿಡಬೇಕು. ಹೋದ ಗಾಡಿ ವಾಪಸ್ ಬರುವುದಿಲ್ಲ, ಮುಂದಿನದಕ್ಕೆ ಇನ್ನೂ ಹೊತ್ತಿದೆ ಎಂಬುದು ಲೆಕ್ಕ. ಹಳಿ ಒಂದೇ ಜೋಡಿ ಇದ್ದಾಗ ಈ ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ಪಕ್ಕದಲ್ಲಿ ಇನ್ನೊಂದು ಜೋಡಿ ಹಳಿ ಬಿತ್ತು. ಅದರ ಮೇಲೆ ಎದುರು ದಿಕ್ಕಿನಿಂದ ಗಾಡಿಗಳು ಓಡತೊಡಗಿದವು. ಜನರ ಕಾಲು ಮಾತ್ರ ಹಳೆಯ ಲೆಕ್ಕದಲ್ಲೇ ನಡೆಯುತ್ತಿತ್ತು.

ಆವತ್ತು ಕತ್ತರಿ ಅಕ್ಕನಿಗೆ ಅವಸರವೇನೂ ಇರಲಿಲ್ಲ. ಮೊಬೈಲಿನಲ್ಲಿ ಮಾತಾಡುತ್ತಿರಲಿಲ್ಲ, ಕಿವಿಗೆ ಏನನ್ನೂ ಸಿಕ್ಕಿಸಿಕೊಂಡಿರಲಿಲ್ಲ. ಊಟದ ಡಬ್ಬಿ ಹಿಡಿದು, ಅದೇ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವ ಹೆಂಗಸಿನೊಂದಿಗೆ ನಿಂತಿದ್ದಳು. ಗಾಡಿ ಹಾದುಹೋಯಿತು. ಬಾಲ ಹಿಡಿದು ಮೊದಲ ಹಳಿ ದಾಟಿದಳು. ಹೋಗುತ್ತಿದ್ದ ಗಾಡಿಯ ಗದ್ದಲದಲ್ಲಿ ಬರುತ್ತಿದ್ದ ಗಾಡಿಯ ಸದ್ದು ಮುಳುಗಿಹೋಗಿತ್ತು. ಹೋಗುತ್ತಿದ್ದ ಗಾಡಿಯ ಮೈ ಬರುತ್ತಿದ್ದ ಗಾಡಿಯನ್ನು ಮರೆ ಮಾಡಿತ್ತು. ಹಿಂದಿನಿಂದ ಗುಂಡಿಯವಳು ಚೀರಿದ್ದು ಕೇಳಿ ಅಕ್ಕ ಹಿಂದಕ್ಕೆ ಹಾರಿದಳು. ಮೈ ಬಂತು, ಎಡಗಾಲು ಬರಲಿಲ್ಲ.

ಜನ ಸೇರಿದರು. ಒಬ್ಬ ನೀರು ಕುಡಿಸಿ ಎಂದ, ಒಬ್ಬ ಎತ್ತಿ ಕೂರಿಸಿ ಎಂದ, ಒಬ್ಬ ತಲೆ ಸುತ್ತಿ ತಾನೇ ಬಿದ್ದ. ಕೈಕಾಲು ಆಡಿದ್ದು ಗುಂಡಿಯವಳೊಬ್ಬಳಿಗೇ. ಕಾರ್ಖಾನೆಯಲ್ಲಿ ಯಾವಾಗಲೋ ನಡೆದ ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಅವಳು ಕೊನೆಯ ಸಾಲಿನಲ್ಲಿ ಕೂತು ಆಕಳಿಸಿದ್ದಳಂತೆ. ಆದರೂ ಅದರಲ್ಲಿ ಒಂದು ಮಾತು ತಲೆಯಲ್ಲಿ ಉಳಿದಿತ್ತು. ತನ್ನ ಚೀಲದಲ್ಲಿದ್ದ ಸಮವಸ್ತ್ರದ ಬಟ್ಟೆಯನ್ನು ಅಗಲಕ್ಕೆ ಮಡಚಿ, ಗಾಯದಿಂದ ಒಂದು ಗೇಣು ಮೇಲೆ ಸುತ್ತಿ, ಅದೇ ಚೀಲದಲ್ಲಿದ್ದ ಮರದ ಅಳತೆಪಟ್ಟಿಯನ್ನು ಗಂಟಿಗೆ ಸಿಕ್ಕಿಸಿ, ರಕ್ತ ನಿಲ್ಲುವವರೆಗೆ ತಿರುಪಿದಳು. ಅಕ್ಕ ನೋವಿಗೆ ಬೈದಳು, ಬೇಡಿಕೊಂಡಳು. ಗುಂಡಿಯವಳು ಕಿವಿಗೆ ಹಾಕಿಕೊಳ್ಳಲಿಲ್ಲ, ಆಸ್ಪತ್ರೆ ಮುಟ್ಟುವವರೆಗೆ ಸಡಿಲ ಮಾಡಲೂ ಇಲ್ಲ.

ಮೇಸ್ತ್ರಿ ಯಾರದೋ ಮನೆಯ ಚಾವಣಿಗೆ ಗಾರೆ ಬಳಿಯುತ್ತಿದ್ದವನು, ಹಾಗೇ ಮೈತುಂಬ ಸಿಮೆಂಟು ಮೆತ್ತಿಕೊಂಡು ಆಸ್ಪತ್ರೆಗೆ ಓಡಿಬಂದ. ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಅವನನ್ನು ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋದರು.

"ಪಾದ ಜೋಡಿಸೋಕೆ ಆಗಲ್ವಾ ಡಾಕ್ಟ್ರೇ? ಇನ್ನೂ ಅಂಟ್ಕೊಂಡೇ ಇದೆಯಲ್ಲಾ," ಎಂದ.

"ಕತ್ತರಿಸಿದ ಗಾಯ ಆಗಿದ್ರೆ ನೋಡಬಹುದಿತ್ತು. ಇದು ಜಜ್ಜಿಹೋಗಿದೆ. ಮೂಳೆ, ನರ, ರಕ್ತನಾಳ ಒಂದೂ ಉಳಿದಿಲ್ಲ. ಹಾಗೇ ಬಿಟ್ರೆ ವಿಷ ಮೇಲಕ್ಕೆ ಹತ್ತುತ್ತೆ. ಈಗ ತೆಗೆದ್ರೆ ಮಂಡಿ ಉಳಿಸಿಕೊಡ್ತೀನಿ. ನೀವು ಯೋಚನೆ ಮಾಡ್ತಾ ಕೂತ್ರೆ ಮಂಡೀನೂ ಹೋಗುತ್ತೆ."

"ಮಂಡಿ ಇದ್ರೆ ಏನಾಗುತ್ತೆ?"

"ಮಂಡಿ ಇದ್ರೆ ಕೃತಕ ಕಾಲಲ್ಲಿ ಚೆನ್ನಾಗಿ ನಡೀಬಹುದು. ಅಲ್ಲಿ ಆ ಬಟ್ಟೆ ಕಟ್ಟಿದೋರು ಯಾರು? ಅದಿಲ್ದಿದ್ರೆ ನಾವಿಬ್ಬರೂ ಈ ಮಾತು ಆಡ್ತಾ ಇರ್ತಿರಲಿಲ್ಲ."

ಮೇಸ್ತ್ರಿ ಒಪ್ಪಿದ. ಒಪ್ಪಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಆ ಹೊತ್ತಿನಲ್ಲಿ ಅವನ ತಲೆಯಲ್ಲಿ ಓಡುತ್ತಿದ್ದದ್ದು ರೈಲಲ್ಲ, ದೇವರಲ್ಲ, ಆ ಒಣ ಇಟ್ಟಿಗೆಗಳು.

ಎಚ್ಚರವಾದಾಗ ಅಕ್ಕ ಕೇಳಿದ ಮೊದಲ ಮಾತು, "ಎಷ್ಟು ಹೋಯ್ತು?"

"ಮಂಡಿ ಇದೆ," ಎಂದ ಮೇಸ್ತ್ರಿ.

"ಹಾಗಾದ್ರೆ ನಿಲ್ಲಬಹುದು," ಎಂದಳು. ಆಮೇಲೆ ಗೋಡೆ ಕಡೆ ತಿರುಗಿ ಬಹಳ ಹೊತ್ತು ಅತ್ತಳು.

ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ಅದನ್ನು ಬಂದವರಿಗೆಲ್ಲ ಹೇಳಿದಳು: ಮತ್ತೆ ಆ ಮೇಜಿನ ಮುಂದೆ ನಿಲ್ಲಬೇಕು, ಅಲ್ಲಿಗೆ ತನ್ನ ಕಾಲ ಮೇಲೆ ತಾನೇ ಹೋಗಬೇಕು. ಮಂಚದ ಮೇಲೆ ಕೂತು ಬೇರೆಯವರ ಕೈ ನೋಡುವ ಬಾಳು ತನಗೆ ಬೇಡ. ಮಗಳು ಬಂದು, ಅತ್ತು, "ನಮ್ಮನೇಗೆ ಬಂದುಬಿಡಮ್ಮಾ" ಎಂದು ಕರೆದು ಹೋದಳು. ಕಾರ್ಖಾನೆಯವರು ನೋಡಲು ಬಂದು, ಕತ್ತರಿಸುವ ಮೇಜಿಗೆ ಸದ್ಯಕ್ಕೆ ಬೇರೆಯವಳನ್ನು ನಿಲ್ಲಿಸಿದ್ದೇವೆ, ಶಾಲೆ ಶುರುವಾಗುವ ಮುಂಚೆ ನೀನು ಬಂದರೆ ಜಾಗ ನಿನ್ನದೇ ಎಂದರು. ಬರದಿದ್ದರೆ ಏನೆಂದು ಅವರು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಗಾಯವನ್ನು ಡಾಕ್ಟರಮ್ಮ ಮೊದಲ ದಿನವೇ ಹೊಲಿದು ಮುಚ್ಚಲಿಲ್ಲ. ಹಳಿಯ ಮಣ್ಣು, ಜಲ್ಲಿಯ ಪುಡಿ ಒಳಗೆ ಸೇರಿರುತ್ತದೆ, ಕೀವಾಗುತ್ತದೆ ಎಂದು ತೆರೆದಿಟ್ಟು, ಮತ್ತೆ ತೊಳೆದು, ಶುದ್ಧವಾದ ಮೇಲೆ ಮುಚ್ಚಿದರು. ಇಲ್ಲದ ಪಾದದ ಹೆಬ್ಬೆರಳು ತುರಿಸುತ್ತಿತ್ತು. "ಕೆರೀರಿ ಅಂದ್ರೆ ಎಲ್ಲಿ ಅಂತ ಕೆರೀತೀರಿ?" ಎಂದು ಅಕ್ಕ ಗಂಡನನ್ನು ರೇಗಿಸುತ್ತಿದ್ದಳು. ಕೆಲವು ಸಲ ಅದೇ ಬೆರಳು ಬೆಂಕಿ ಇಟ್ಟಂತೆ ಉರಿದಾಗ ಹಲ್ಲು ಕಚ್ಚುತ್ತಿದ್ದಳು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, ಎಲ್ಲರೂ ಅವಳನ್ನು ಫಿಸಿಯೋ ಮೇಡಂ ಎನ್ನುತ್ತಿದ್ದರು, ಎರಡು ಕಾಲುಗಳ ನಡುವೆ ಕನ್ನಡಿ ನಿಲ್ಲಿಸಿ, ಬಲಪಾದವನ್ನು ಆಡಿಸುತ್ತಾ ಕನ್ನಡಿಯೊಳಗಿನದನ್ನು ನೋಡಲು ಹೇಳಿದಳು. ನೋಡಿದರೆ ಎರಡೂ ಪಾದ ಇದ್ದ ಹಾಗೆ ಕಾಣುತ್ತಿತ್ತು. ನೋವು ಸ್ವಲ್ಪ ಇಳಿಯುತ್ತಿತ್ತು. ಅತ್ತೆ ಇದನ್ನು ನೋಡಿ, "ಮೆದುಳಿಗೇ ಟೋಪಿ ಹಾಕ್ತಾರಲ್ಲೇ!" ಎಂದು ಬೆರಗಾದಳು.

ಅದೇ ಅತ್ತೆ ಪ್ರೀತಿಗೆ ಬಿದ್ದು ಒಂದು ಎಡವಟ್ಟು ಮಾಡಿದಳು. ಸೊಸೆಗೆ ಹಾಯಾಗಿರಲಿ ಎಂದು ದಿನವಿಡೀ ಮಂಡಿಯ ಕೆಳಗೆ ಮೆತ್ತನೆಯ ದಿಂಬು ಇಟ್ಟಳು. ಫಿಸಿಯೋ ಮೇಡಂ ನೋಡಿದವಳೇ ದಿಂಬು ಕಿತ್ತು ಪಕ್ಕಕ್ಕೆಸೆದಳು.

"ಹೀಗೇ ಇಟ್ರೆ ಮಂಡಿ ಬಗ್ಗಿದ ಹಾಗೇ ಗಟ್ಟಿಯಾಗುತ್ತೆ ಅಜ್ಜಿ. ಆಮೇಲೆ ಯಾವ ಕಾಲು ತಂದ್ರೂ ಹಾಕೋಕೆ ಆಗಲ್ಲ."

"ಅಯ್ಯೋ, ನೋಯುತ್ತಲ್ಲಾ ಅಂತ ಇಟ್ಟೆ ಕಣಮ್ಮಾ."

"ನೋಯಲಿ. ನೇರ ಇರಲಿ."

ಮೊಂಡುಗಾಲಿಗೆ ಎಲಾಸ್ಟಿಕ್ ಪಟ್ಟಿಯನ್ನು ಎಂಟರ ಆಕಾರದಲ್ಲಿ ಸುತ್ತುವುದನ್ನು ಮೇಸ್ತ್ರಿ ಕಲಿತ. ತುದಿಯಲ್ಲಿ ಬಿಗಿ, ಮೇಲೆ ಹೋದ ಹಾಗೆ ಸಡಿಲ. ಒಂದು ಸುಕ್ಕು ಬಿದ್ದರೂ ಚರ್ಮ ಒಡೆಯುತ್ತದೆ. "ಇದರಲ್ಲಿ ನಿಮ್ಮ ಒಣಕೆಲಸ ನಡೆಯಲ್ಲ ರೀ," ಎಂದು ಅವಳು ಚುಚ್ಚಿದಾಗ ಅವನು ನಗಲಿಲ್ಲ. ಬಿಚ್ಚಿ ಮತ್ತೆ ಸುತ್ತಿದ.

ಅವಳು ಮನೆಗೆ ಬಂದು, ಊರುಗೋಲು ಹಿಡಿದು ಒಳಗೆ ಹೊರಗೆ ಓಡಾಡುವ ಹೊತ್ತಿಗೆ ಗುತ್ತಿಗೆದಾರ ಬಂದ. ಅಪಘಾತವಾದ ಮೇಲೆ ಸಾಹೇಬರು ಕೂಗಾಡಿದ್ದಾರೆ, ಕಿಂಡಿಯನ್ನು ಈ ಸಲ ಖಾಯಂ ಮುಚ್ಚಬೇಕು ಎಂದ. ಅವನ ಹಿಂದೆಯೇ ಹಾಲಿನವನು ಬಡಾವಣೆಯ ನಾಲ್ಕು ಜನರನ್ನು ಕರೆದುಕೊಂಡು ಬಂದ.

"ಅಣ್ಣಾ, ನಿಮ್ಮನೇಲಿ ಹೀಗಾಗಿದ್ದಕ್ಕೆ ನಾವೂ ಅತ್ತಿದೀವಿ. ಸುಳ್ಳಲ್ಲ. ಆದ್ರೆ ದಾರಿ ಮುಚ್ಚಿದ್ರೆ ನಮ್ಮ ಗತಿ ಏನು? ಮಕ್ಕಳು ಶಾಲೆಗೆ ಹೆಂಗೆ ಹೋಗೋದು?"

"ಸೇತುವೆ ಇದೆಯಲ್ಲಪ್ಪಾ," ಎಂದ ಮೇಸ್ತ್ರಿ. ಅವನ ಬಾಯಿಂದ ಆ ಮಾತು ಬಂದದ್ದು ಅವನಿಗೇ ಹೊಸದಾಗಿ ಕೇಳಿಸಿತು.

"ಅತ್ತಿಗೆ ಹತ್ತುತ್ತಾರಾ ಆ ಮೆಟ್ಟಿಲು?" ಎಂದ ಹಾಲಿನವನು.

ಈ ಮಾತು ಸರಿಯಾದ ಜಾಗಕ್ಕೆ ತಾಗಿತು. ಈ ಸಲ ಸಂದುಸಂದಿಗೂ ಗಾರೆ ತುಂಬುತ್ತೇನೆ ಎಂದು ಮೇಸ್ತ್ರಿ ಆಸ್ಪತ್ರೆಯ ನೆಲದ ಮೇಲೆ ಕೂತೇ ತೀರ್ಮಾನ ಮಾಡಿದ್ದ. ಆದರೆ ಹಾಲಿನವನು ಹೋದ ಮೇಲೆ ಅವನು ನಿಲ್ದಾಣದವರೆಗೆ ನಡೆದು ಹೋಗಿ ಮೇಲ್ಸೇತುವೆಯ ಕೆಳಗೆ ನಿಂತು ನೋಡಿದ. ಕಡಿದಾದ ಮೆಟ್ಟಿಲು, ಅಂಚು ಸವೆದು ಜಾರುವಂತಿತ್ತು, ಕೈಕಂಬಿ ಒಂದೆರಡು ಕಡೆ ಮುರಿದಿತ್ತು. ಹಿಂದಿನ ದಿನವಷ್ಟೇ ಅಕ್ಕ ಮನೆಯ ಹೊಸ್ತಿಲು ದಾಟಲು ಹೋಗಿ ಬಿದ್ದಿದ್ದಳು. ಹೊಸ್ತಿಲೇ ದಾಟಲಾರದವಳು ಇದನ್ನು ಹತ್ತಿಯಾಳೇ? ಹತ್ತದಿದ್ದರೆ ಕೆಲಸ ಹೋಯಿತು. ಕೆಲಸ ಹೋದರೆ ಅವಳು ಮಂಚದ ಮೇಲೆ ಕೂತು ದಿನಾ ಇಷ್ಟಿಷ್ಟೇ ಕುಗ್ಗುತ್ತಾಳೆ. ಅದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಕಿಂಡಿಯಲ್ಲಾದರೆ ಮೆಟ್ಟಿಲಿಲ್ಲ, ನೆಲ ಸಮ, ತಾನೇ ಕೈ ಹಿಡಿದು ಎರಡೂ ಕಡೆ ನೋಡಿ ದಾಟಿಸಬಹುದು. ಹೀಗೆ ತನಗೆ ತಾನೇ ಹೇಳಿಕೊಂಡು ಮರುದಿನ ಗೋಡೆ ಮುಚ್ಚಿದ. ಎಂದಿನಂತೆಯೇ ಮುಚ್ಚಿದ. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ.

ಊತ ಇಳಿದು ಮೊಂಡುಗಾಲು ಗಟ್ಟಿಯಾದ ಮೇಲೆ ಕಾಲು ಮಾಡುವವನು ಪ್ಲಾಸ್ಟರಿನ ಪಟ್ಟಿ ಸುತ್ತಿ ಅಚ್ಚು ತೆಗೆದ. ಮೇಸ್ತ್ರಿ ಪಕ್ಕದಲ್ಲಿ ನಿಂತು, ನೀರು ಜಾಸ್ತಿಯಾಯಿತಲ್ಲವೇ ಎಂದು ಕೇಳಿ ಬೈಸಿಕೊಂಡ. ಹೊಸ ಕಾಲು ಬಂತು. ಮೊದಲ ದಿನಗಳಲ್ಲಿ ಅಕ್ಕ ಆಸ್ಪತ್ರೆಯಲ್ಲಿ ನಡಿಗೆ ಕಲಿಸುವ ಎರಡು ಕಂಬಿಗಳ ನಡುವೆ ನಿಂತು ಬೆವರಿದಳು, ಬೈದಳು, ಚರ್ಮ ಕೆಂಪಾದಾಗ ಬಿಚ್ಚಿಟ್ಟು ಮತ್ತೆ ಹಾಕಿಕೊಂಡಳು. ಆಮೇಲೆ ಒಂದು ಕೋಲು ಹಿಡಿದು ಓಣಿಯಲ್ಲಿ ನಡೆಯತೊಡಗಿದಳು. ಮಕ್ಕಳು ನೋಡಲು ಬಂದರೆ, "ಏನ್ರೋ, ಮುಟ್ಟಿ ನೋಡಬೇಕಾ? ಬನ್ನಿ," ಎಂದು ಕಾಲು ಮುಂದೆ ಚಾಚುತ್ತಿದ್ದಳು.

ಒಂದು ಬೆಳಿಗ್ಗೆ ಧೈರ್ಯ ಮಾಡಿ ಓಣಿಯ ಕೊನೆಯ ಗೋಡೆಯವರೆಗೂ ಹೋದಳು. ಆ ಜಾಗವನ್ನು ಒಂದು ಸಲ ಕಣ್ಣಾರೆ ನೋಡದೆ ಹೆದರಿಕೆ ಹೋಗುವುದಿಲ್ಲ ಎಂದು ಅವಳಿಗೆ ಅನಿಸಿತ್ತು. ಮುಚ್ಚಿದ ಗೋಡೆಯನ್ನು ನೋಡಲು ಹೋದವಳಿಗೆ ಕಂಡದ್ದು ತೆರೆದ ಕಿಂಡಿ. ಇಟ್ಟಿಗೆಗಳು ಪಕ್ಕದಲ್ಲಿ ಅಚ್ಚುಕಟ್ಟಾಗಿ ಪೇರಿಸಿದ್ದವು. ಹೆಂಗಸರು, ಚೀಲ ಹೊತ್ತ ಮಕ್ಕಳು ಒಬ್ಬರ ಹಿಂದೆ ಒಬ್ಬರು ಬಗ್ಗಿ ಹೋಗುತ್ತಿದ್ದರು. ಅವರಲ್ಲಿ ಗುಂಡಿಯವಳೂ ಇದ್ದಳು.

"ನೀನೂನಾ?" ಎಂದಳು ಅಕ್ಕ.

ಗುಂಡಿಯವಳ ಮುಖ ಸಣ್ಣಗಾಯಿತು. "ಹೊತ್ತಾಗಿಹೋಗಿದೆ ಅಕ್ಕಾ. ಎಲ್ಲರೂ ಅಕ್ಕನ ಬಾಗಿಲಿಂದಾನೇ ಹೋಗ್ತಾರೆ, ನಾನೊಬ್ಬಳು ಸುತ್ತಿಕೊಂಡು ಹೋಗೋದು ಹೆಂಗೆ?"

"ಏನಂದೆ? ಯಾವ ಬಾಗಿಲು?"

"ಅಕ್ಕನ ಬಾಗಿಲು ಅಂತ ಹೆಸರಾಗಿದೆ. ನಿಮಗೆ ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ ಮೇಸ್ತ್ರಿ ಅಣ್ಣ ನಿಮಗೋಸ್ಕರ ಬಿಟ್ಟಿದಾರಂತಲ್ಲಾ. ನಿಮ್ಮ ಪುಣ್ಯದಿಂದ ನಮಗೂ ದಾರಿ ಆಯ್ತು."

ಅಷ್ಟರಲ್ಲಿ ಪ್ಯಾಸೆಂಜರ್ ಗಾಡಿ ಬಂತು. ಕಿಂಡಿಯಾಚೆ ಎಲ್ಲರೂ ಸಾಲಾಗಿ ನಿಂತು ಬಾಲ ಹಿಡಿಯಲು ಕಾದರು. ಗುಂಡಿಯವಳೂ ಓಡಿಹೋಗಿ ಸೇರಿಕೊಂಡಳು. ಅಕ್ಕ ಚಪ್ಪಡಿಗೆ ಕೈ ಕೊಟ್ಟು ಒಳಗಿನಿಂದಲೇ ಕೂಗಿದಳು: "ಆ ಕಡೆ ನೋಡ್ರೇ! ಆ ಕಡೆ!" ಗಾಡಿಯ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು? ಕೊನೆಯ ಡಬ್ಬಿ ಹಾಯಿತು, ಎಲ್ಲರೂ ದಾಟಿದರು, ಮಕ್ಕಳೂ ದಾಟಿದವು. ಆವತ್ತು ಎದುರು ಗಾಡಿ ಇರಲಿಲ್ಲ. ಅಕ್ಕ ಕೋಲು ಊರಿ ಹಿಂದಕ್ಕೆ ಸರಿದಳು. ಅಲ್ಲೇ ಪೇರಿಸಿದ ಇಟ್ಟಿಗೆಗಳ ಮೇಲೆ ಕೂತು, ಉಸಿರು ಸರಿಯಾದ ಮೇಲೆ ಮನೆಗೆ ಹೊರಟಳು.

ಮೇಸ್ತ್ರಿ ಕೆಲಸಕ್ಕೆ ಹೊರಡಲು ಕರಣೆ, ತೂಗುಗುಂಡು ಚೀಲಕ್ಕೆ ಹಾಕುತ್ತಿದ್ದ. ಅವಳ ಮುಖ ನೋಡಿ ಅವನ ಕೈ ಚೀಲದೊಳಗೇ ನಿಂತಿತು.

"ನನ್ನ ಕಾಲು ತಿಂದ ಜಾಗಕ್ಕೆ ನನ್ನ ಹೆಸರೇ ಇಟ್ಟಿದಾರೆ ರೀ. ಸಂತೋಷ ಆಯ್ತಾ ನಿಮಗೆ?"

"ನಿನಗೋಸ್ಕರ ಬಿಟ್ಟೆ ಕಣೇ. ಆ ಮೆಟ್ಟಿಲು ನೀನು ನೋಡಿದ್ದೀಯಾ? ಗಟ್ಟಿ ಕಾಲಿರೋರೇ ಜಾರ್ತಾರೆ."

"ಹೌದು, ನನಗೋಸ್ಕರ. ನಾಳೆ ಅಲ್ಲಿ ಗುಂಡಿಯವಳು ಸಾಯ್ತಾಳೆ ಅಂತಿಟ್ಕೊಳ್ಳಿ. ಅವಳ ಮಕ್ಕಳಿಗೆ ಏನಂತ ಹೇಳ್ತೀರಿ? ನಮ್ಮ ಮನೆಯವಳಿಗೆ ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ, ಅದಕ್ಕೆ ನಿಮ್ಮಮ್ಮ ಹೋದಳು ಅಂತಾನಾ?"

ಒಳಗಿನಿಂದ ಅತ್ತೆ, "ಅವನನ್ನ ಯಾಕೆ ಬೈತೀಯೇ? ಪ್ರೀತಿಯಿಂದ ಮಾಡಿದಾನೆ," ಎಂದಳು.

"ನೀವು ದಿಂಬು ಇಟ್ಟಿದ್ದೂ ಪ್ರೀತಿಯಿಂದಾನೇ ಅತ್ತೆ," ಎಂದಳು ಸೊಸೆ.

"ನೀನು ಮೂಲೆ ಹಿಡೀತೀಯಾ ಅಂತ ಹೆದರಿಕೆ ಆಯ್ತು," ಎಂದ ಮೇಸ್ತ್ರಿ. ಆಸ್ಪತ್ರೆಯಲ್ಲೂ ಅಳದವನು ಹೆಂಡತಿಯ ಮುಂದೆ, ತಾಯಿಯ ಮುಂದೆ, ಚೀಲ ಕೈಯಲ್ಲಿ ಹಿಡಿದುಕೊಂಡೇ ಅತ್ತ. "ಮೊದಲನೇ ಸಲಾನೇ ಗಾರೆ ತುಂಬಿದ್ರೆ ನಿನ್ನ ಕಾಲು ಇರ್ತಿತ್ತು."

"ಇರ್ತಿತ್ತು," ಎಂದಳು ಅವಳು. ಸಮಾಧಾನದ ಮಾತು ಹೇಳುವ ಜಾಯಮಾನ ಅವಳದಲ್ಲ. "ಆವತ್ತೂ ನಾನೇ ಹೇಳಿದ್ದೆ, ಒಣದಾಗೇ ಇಡಿ, ನನಗೆ ಸುತ್ತೋಕಾಗಲ್ಲ ಅಂತ. ಇಬ್ಬರದೂ ಇದೆ. ಈಗ ಏಳಿ. ಸಿಮೆಂಟು ಎಷ್ಟು ಬೇಕು ಹೇಳಿ."

ಕಾರ್ಖಾನೆಯ ರಜೆಯ ದಿನ ಗುತ್ತಿಗೆದಾರನಿಗೂ ಹೇಳದೆ ಗಂಡ ಹೆಂಡತಿ ಗೋಡೆಯ ಕೆಲಸಕ್ಕೆ ಕೂತರು. ಮೇಸ್ತ್ರಿ ಹಳೆಯ ಸಂದುಗಳನ್ನೆಲ್ಲ ಕೆರೆದು, ಇಟ್ಟಿಗೆಗಳನ್ನು ನೀರಿನಲ್ಲಿ ನೆನೆಸಿ, ಗಾರೆ ಕಲಸಿದ. ಅಕ್ಕ ಕುರ್ಚಿ ಹಾಕಿಸಿಕೊಂಡು ಒಂದೊಂದೇ ಇಟ್ಟಿಗೆ ಕೈಗೆ ಕೊಟ್ಟಳು. ಬಿಸಿಲಿಗೆ ಮೊಂಡುಗಾಲು ಬೆವರಿ ಉರಿಯತೊಡಗಿದ್ದರಿಂದ ಹೊಸ ಕಾಲನ್ನು ಬಿಚ್ಚಿ, ಚಪ್ಪಲಿಯ ಸಮೇತ ಗೋಡೆಗೆ ಒರಗಿಸಿಟ್ಟಳು. ಎರಡು ವರಸೆ ಇಟ್ಟಿಗೆ ಏಳುವಷ್ಟರಲ್ಲಿ ಜನ ಸೇರಿದರು.

"ಏನಣ್ಣಾ ಇದು, ನಿಜವಾಗ್ಲೂ ಮುಚ್ಚುತ್ತಿದೀರಾ?" ಎಂದ ಹಾಲಿನವನು. ಅವನ ಧ್ವನಿಯಲ್ಲಿ ಹಳೆಯ ಸಲಿಗೆ ಇರಲಿಲ್ಲ. "ಇಷ್ಟು ವರ್ಷ ಇಲ್ಲದ್ದು ಈಗೇನು? ನಿಮ್ಮ ಮನೆಗೆ ಬಂದಿದ್ದು ಬಂತು. ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ? ನೀವು ಹಾಕಿದ್ದನ್ನ ಸಂಜೆಗೆ ನಾವು ತೆಗೀತೀವಿ, ಗಾರೆ ಇನ್ನೂ ಹಸಿ ಇರುತ್ತೆ."

ಮೇಸ್ತ್ರಿ ತಲೆ ಎತ್ತಲಿಲ್ಲ. ಮಾತಾಡಿದ್ದು ಅಕ್ಕ.

"ತೆಗೀರಪ್ಪಾ, ಯಾರು ಬೇಡ ಅಂದ್ರು? ಕಾಲು ಅಲ್ಲೇ ಇದೆ ನೋಡಿ. ಯಾರು ಮೊದಲು ತೆಗೀತೀರೋ ಅವರೇ ತಗೊಂಡು ಹೋಗಿ. ಮುಂದೆ ಬೇಕಾಗುತ್ತೆ. ಅಳತೆ ಸರಿ ಹೋಗಲಿಲ್ಲ ಅಂದ್ರೆ ನನ್ನ ಕೇಳಬೇಡಿ."

ಹಿಂದೆ ನಿಂತ ಒಬ್ಬ ಕಿಸಕ್ಕನೆ ನಕ್ಕು, ನಕ್ಕದ್ದಕ್ಕೆ ತಾನೇ ನಾಚಿ ಬಾಯಿ ಮುಚ್ಚಿಕೊಂಡ. ಹಾಲಿನವನು ಗೋಡೆಗೆ ಒರಗಿದ್ದ ಆ ಕಾಲನ್ನೇ ನೋಡುತ್ತ ನಿಂತ. ಅದರ ಚಪ್ಪಲಿಯ ಉಂಗುಷ್ಠ ಹೊಸದಾಗಿತ್ತು, ಸವೆದಿರಲಿಲ್ಲ. ಅವನಿಗೂ ಶಾಲೆಗೆ ಹೋಗುವ ಮಗಳಿದ್ದಳು. ಅವನು ಸೈಕಲ್ ತಿರುಗಿಸಿಕೊಂಡು ಹೋದ. ಗುಂಡಿಯವಳು ಮಾತ್ರ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ನೀರಿನ ಬಕೆಟ್ ಎತ್ತಿಕೊಟ್ಟಳು.

ಹಸಿ ಗೋಡೆ ಗಟ್ಟಿಯಾಗಬೇಕಾದರೆ ದಿನಾ ನೀರು ಕುಡಿಸಬೇಕು. ಅಕ್ಕ ಬೆಳಿಗ್ಗೆ ಸಂಜೆ ಕೋಲೂರಿಕೊಂಡು ಹೋಗಿ, ಚೊಂಬಿನಲ್ಲಿ ಗೋಡೆಗೆ ನೀರೆರಚಿ, ಅಲ್ಲೇ ಕುರ್ಚಿಯಲ್ಲಿ ಕೂತು ಕಾದಳು. ಕೆಲವರು ಮುಖ ತಿರುಗಿಸಿ ಹೋದರು. ಒಂದಿಬ್ಬರು ಇವಳಿಗೆ ಕೇಳುವಂತೆಯೇ ಕೊಂಕು ನುಡಿದರು. ಬಡಾವಣೆಯೆಲ್ಲ ರಾತ್ರೋರಾತ್ರಿ ಬುದ್ಧಿವಂತರಾದರು ಎಂದರೆ ಸುಳ್ಳಾದೀತು. ದೂರದಲ್ಲಿ ಇನ್ನೊಂದು ಕಡೆ ಯಾರೋ ಗೋಡೆಗೆ ಹಾರೆ ಹಾಕಿದ್ದರು. ಮೇಸ್ತ್ರಿ ಕರೆಯದೇ ಹೋಗಿ ಅದನ್ನೂ ಮುಚ್ಚಿ ಬಂದ. ಅಕ್ಕನ ಮಾತಿನ ಮೇಲೆ ಹಾಲಿನವನೇ ಜನರನ್ನು ಕರೆದುಕೊಂಡು ಹೋಗಿ ನಿಲ್ದಾಣದಲ್ಲಿ ಜಗಳ ಆಡಿದ್ದರಿಂದ ರೈಲ್ವೆಯವರು ಸೇತುವೆಯ ಮುರಿದ ಕೈಕಂಬಿಗಳನ್ನು ಬೆಸೆದು, ಮೆಟ್ಟಿಲಿನ ಅಂಚಿಗೆ ಒರಟು ಪಟ್ಟಿ ಬಡಿದರು.

ಶಾಲೆ ಶುರುವಾಗುವ ಮುಂಚಿನ ವಾರ ಅಕ್ಕ ಕೆಲಸಕ್ಕೆ ಹೊರಟಳು. ಮೇಸ್ತ್ರಿಯೂ ಜೊತೆಗೆ ಹೊರಟ. "ನೀವ್ಯಾಕೆ? ನಾನೇನು ಮಗೂನಾ?" ಎಂದು ಬೈದಳು. ಅವನು ಬಿಡಲಿಲ್ಲ. ನಿಲ್ದಾಣದವರೆಗೆ ನಡೆಯುವಷ್ಟರಲ್ಲೇ ಅವಳ ಕತ್ತು ಬೆವರಿತ್ತು. ಸೇತುವೆಯ ಕೆಳಗೆ ನಿಂತು ಮೇಲೆ ನೋಡಿದಳು, ಕೈಕಂಬಿ ಹಿಡಿದಳು, ಬಲಗಾಲು ಇಟ್ಟಳು, ಎಡಗಾಲನ್ನು ಅದರ ಪಕ್ಕಕ್ಕೆ ತಂದಳು. ಮತ್ತೆ ಬಲಗಾಲು. ಹಿಂದೆ ಬರುತ್ತಿದ್ದವರು ಅವಸರದಲ್ಲಿ ಅವಳ ಪಕ್ಕದಿಂದ ಹತ್ತಿಹೋದರು. ಮೇಸ್ತ್ರಿ ಒಂದು ಮೆಟ್ಟಿಲು ಹಿಂದೆ, ಬಿದ್ದರೆ ಹಿಡಿಯಲು ಎರಡೂ ಕೈ ಮುಂದೆ ಚಾಚಿಕೊಂಡು, ಅವಳಿಗೆ ಕಾಣದ ಹಾಗೆ ಹತ್ತುತ್ತಿದ್ದ.

ಸೇತುವೆಯ ನಡುವೆ ಬಂದಾಗ ಕೆಳಗೆ ಗಾಡಿ ಬಂತು. ಕಾಲಡಿಯ ತಗಡು ನಡುಗತೊಡಗಿತು. ಅದರ ಬಾಲ ಇನ್ನೂ ದಾಟಿರಲಿಲ್ಲ, ಎದುರು ದಿಕ್ಕಿನಿಂದ ಇನ್ನೊಂದು ಗಾಡಿ ಭರ್ರನೆ ಬಂದು ಪಕ್ಕದ ಹಳಿಯ ಮೇಲೆ ಅದಕ್ಕೆ ಎದುರಾಯಿತು. ಮೇಲಿನಿಂದ ಎರಡೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅಕ್ಕನ ಕೈಯಿಂದ ಕೋಲು ಜಾರಿತು. ಅವಳು ಎರಡೂ ಕೈಯಲ್ಲಿ ಕಂಬಿಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ಗಾಡಿಗಳು ಹೋದ ಮೇಲೂ ಕಣ್ಣು ತೆರೆಯಲಿಲ್ಲ.

"ನನಗೆ ಹೆದರಿಕೆ ಆಗ್ತಿದೆ ರೀ," ಎಂದಳು. ಕಾಲು ಹೋದ ದಿನದಿಂದ ಈವರೆಗೆ ಅವಳು ಆಡದ ಮಾತು ಅದು.

ಮೇಸ್ತ್ರಿ ಕೋಲು ಎತ್ತಿಕೊಂಡ. "ವಾಪಸ್ ಹೋಗೋಣ್ವಾ?" ಎಂದ ಮೆಲ್ಲಗೆ.

ಅಕ್ಕ ಕಣ್ಣು ತೆರೆದು ಹಿಂದಕ್ಕೆ, ಮನೆಯ ಕಡೆಗೆ ನೋಡಿದಳು. ಉದ್ದಕ್ಕೆ ಗೋಡೆ ಕಾಣುತ್ತಿತ್ತು, ನಡುವೆ ಹೊಸ ಗಾರೆಯ ಬೂದು ತೇಪೆ.

"ವಾಪಸ್ಸು ಹೋಗಿ ಎಲ್ಲಿ ದಾಟಲಿ?" ಎಂದಳು. "ಅಲ್ಲಿ ನೀವು ಗೋಡೆ ಕಟ್ಟಿದೀರಲ್ಲ ಮಾರಾಯ್ರೇ, ಭದ್ರವಾಗಿ. ಇನ್ನೇನಿದ್ರೂ ನಡೀಬೇಕು. ಕೋಲು ಕೊಡಿ."

ಕೋಲು ಇಸಿದುಕೊಂಡು, ಆಚೆಯ ಮೆಟ್ಟಿಲುಗಳ ಕಡೆಗೆ ಹೊರಟಳು.